ಸ್ಟೆಮ್ ಸೆಲ್ ಕೊಟೇಶನ್



ಕಳೆದ ತಿಂಗಳು ನಮ್ಮ ಸಹಾಯನಿಧಿಗೆ ಒಂದು ಅರ್ಜಿ ಬಂತು. ಹೆಸರು ಬೇಡ. ಊರಲ್ಲಿ ತಂದೆಗೆ ಸ್ಟ್ರೋಕ್ ಆಗಿ ಎಂಟು ತಿಂಗಳು. ಬಲಗೈಗೆ ಶಕ್ತಿಯಿಲ್ಲ, ಮಾತು ಸ್ಪಷ್ಟವಿಲ್ಲ. ಸ್ಟೆಮ್ ಸೆಲ್ ಹಾಕಿದರೆ ನಡೀತಾರೆ ಅಂತ ಒಂದು ಕ್ಲಿನಿಕ್‌ನವರು ಆರು ಲಕ್ಷದ ಕೊಟೇಶನ್ ಕೊಟ್ಟಿದ್ದರು. ಮಗ ಹೆಂಡತಿಯ ಚಿನ್ನ ಅಡವಿಡಲು ತಯಾರು.

ನಾವು ಲೆಕ್ಕ ಬರೆಯುವವರು, ಡಾಕ್ಟರಲ್ಲ. ಆದರೂ ಓದಿ, ಕೇಳಿ ನೋಡಿದೆವು. ನಮ್ಮ ದೇಶದಲ್ಲೇ ಐದು ಆಸ್ಪತ್ರೆಗಳಲ್ಲಿ 120 ಸ್ಟ್ರೋಕ್ ರೋಗಿಗಳ ಮೇಲೆ ಪರೀಕ್ಷೆ ನಡೆದು 2014ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿಗೆ ಅವರದೇ ಮೂಳೆಮಜ್ಜೆಯ ಕೋಶ ಕೊಟ್ಟರು. ಅಪಾಯವಾಗಲಿಲ್ಲ, ಆದರೆ ಕೊಡದವರಿಗಿಂತ ಚೇತರಿಕೆ ಹೆಚ್ಚೂ ಆಗಲಿಲ್ಲ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾಗೆ ಈ ಕಸಿ ನಿಜವಾದ ಚಿಕಿತ್ಸೆ. ಆ ಹೆಸರಲ್ಲಿ ಇದನ್ನು ಮಾರುತ್ತಾರೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸ್ಟ್ರೋಕ್‌ಗೆ ಅನುಮತಿ ಪಡೆದ ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು, ಅದಕ್ಕೆ ರೋಗಿಯಿಂದ ದುಡ್ಡು ತಗೊಳ್ಳುವಂತಿಲ್ಲ. ಅಂದರೆ ಆರು ಲಕ್ಷದ ಕೊಟೇಶನ್ ಬಂದಾಗಲೇ ವಿಷಯ ಗೊತ್ತಾಯಿತಲ್ಲ?

ಆ ಮಗನಿಗೆ ಇಲ್ಲ ಅನ್ನಲು ನಮಗೆ ಬಾಯಿ ಬರಲಿಲ್ಲ. ಕೂತು ಬೇರೆ ಲೆಕ್ಕ ಹಾಕಿದೆವು: ಮನೆಗೆ ಬರುವ ಫಿಸಿಯೋಥೆರಪಿ, ಮಾತಿನ ತರಬೇತಿ, ಬಿಪಿ ಮಾತ್ರೆ. ಒಂದು ವರ್ಷದ್ದು ನಿಧಿಯಿಂದ ಕೊಡುತ್ತಿದ್ದೇವೆ. ಚಿನ್ನ ಮನೆಯಲ್ಲೇ ಇದೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ಕೊಟೇಶನ್ ಬಂದರೆ, ಅಡ್ವಾನ್ಸ್ ಕಳಿಸುವ ಮುಂಚೆ ನಮಗೊಮ್ಮೆ ತೋರಿಸಿ.