ಅಚ್ಚಾಗದ ಮಾತು ಅಲ್ಲಿ ಕುಣಿಯುತ್ತಿದೆ!



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಇಷ್ಟೇ ನನ್ನ ಸಾಹಿತ್ಯ. ಆ ಕರಪತ್ರಗಳ ಕೆಳತುದಿಯಲ್ಲಿ ಒಂದು ಸಾಲು ಇರುತ್ತಿತ್ತು: ರಾತ್ರಿ 10ಕ್ಕೆ ಶ್ರೀಕೃಷ್ಣ ಪಾರಿಜಾತ. 20 ವರ್ಷ ಅಚ್ಚು ಹಾಕಿದೆ. ಒಮ್ಮೆಯೂ ನೋಡಿರಲಿಲ್ಲ!

ಬೆಂಗಳೂರಿನಲ್ಲಿ ದುಬಾರಿ ಟಿಕೆಟ್ ಕೊಟ್ಟು ಯಾವುದೋ ಹೊಸ ನೃತ್ಯ ನೋಡಿ ಬಂದ ನನ್ನ ಅಳಿಯ, "ಮಾಮಾ, ನಮ್ಮ ಕಡೆ ಇಂಥಾದ್ದೇನೂ ಇಲ್ಲ ಬಿಡ್ರಿ" ಅಂದ. ನಾನೂ ಹೌದು ಅಂದೆ. ಮರುವಾರ ಮುಧೋಳದ ಹತ್ತಿರದ ಹಳ್ಳಿಯೊಂದಕ್ಕೆ ಕರಪತ್ರದ ಬಾಕಿ ವಸೂಲಿಗೆ ಹೋದವನು ಅಲ್ಲೇ ಕೂತುಬಿಟ್ಟೆ.

ಹತ್ತು ಮಂದಿಯ ಮೇಳ. ಹಾರ್ಮೋನಿಯಂ, ತಬಲಾ, ತಾಳ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಉರಿ ಹತ್ತಿತು. ಕಥೆ ಅಷ್ಟೇ. ಬೆಳಗಾಗುವವರೆಗೆ ಯಾರೂ ಏಳಲಿಲ್ಲ! ಭಾಮೆಯ ವೇಷದವನು ಹಗಲು ಬನಹಟ್ಟಿಯಲ್ಲಿ ಮಗ್ಗದ ಕೆಲಸದವನು. ಗೆಜ್ಜೆ ಕಟ್ಟಿ, ಮುಖ ತಿರುಗಿಸಿ, ಮೂರು ಹೆಜ್ಜೆ ಹಾಕಿದ. ಮೇಳದವರು ಅದೇ ಸಾಲನ್ನು ಎತ್ತಿ ಹಾಡಿದಾಗ ಅದೇ ಸಿಟ್ಟು ಅವನ ಹೆಜ್ಜೆಯಲ್ಲಿ ಅಳುವಾಗಿತ್ತು. ನನ್ನ ಪಕ್ಕದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಟದ ಪುಸ್ತಕ ಕೊಡಿ, ಚೆಂದಾಗಿ ಅಚ್ಚು ಹಾಕಿಕೊಡುತ್ತೇನೆ ಅಂದೆ. ಪದಗಳಿವೆ, ಅಪರಾಳ ತಮ್ಮಣ್ಣ ಬರೆದದ್ದು, ಕುಲಗೋಡ ತಮ್ಮಣ್ಣ ಆಟಕ್ಕೆ ತಿದ್ದಿದ್ದು. ಮಾತು? ಗೊಲ್ಲತಿಯ ವೇಷದ ಹಿರಿಯರು ನಕ್ಕರು. "ಮಾತು ಬರ್ದಿಲ್ರೀ. ಎದುರಿನಾಂವ ಏನಂತಾನ ನೋಡಿ ಆಡೂದು." ಆ ರಾತ್ರಿ ಆ ಗೊಲ್ಲತಿ ಡೈರಿಯ ಹಾಲಿನ ದರ ಎತ್ತಿ ಕೃಷ್ಣನನ್ನೇ ಬೆವರಿಸಿದ್ದಳು! ಇಂದಿನ ನೃತ್ಯ, ಇಂದಿನ ನೃತ್ಯ ಎನ್ನುತ್ತೀರಲ್ಲ, ಇದಕ್ಕಿಂತ ಇಂದಿನದು ಯಾವುದು ಹೇಳಿ?

ಕನ್ನಡಕ್ಕಾಗಿ ಬೀದಿಗಿಳಿಯುವ ನಿಮಗೆ ಇನ್ನೊಂದು ಮಾತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. 1948ರವರೆಗೆ ಇವು ಸಂಸ್ಥಾನಗಳು. ದರಬಾರಿನ ಕಾಗದ ಮರಾಠಿಯಲ್ಲಿ ಓಡಾಡುತ್ತಿದ್ದಾಗಲೂ ಬಯಲಿನಲ್ಲಿ ರಾತ್ರಿಯಿಡೀ ಜನ ಕೇಳಿದ್ದು ಕನ್ನಡ. ಅದನ್ನು ಉಳಿಸಿದ್ದು ಸರ್ಕಾರಿ ಆದೇಶವಲ್ಲ, ಇಂಥ ಮೇಳಗಳು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಈ ಆಟಕ್ಕೆ ಕೌಜಲಗಿ ನಿಂಗಮ್ಮನಂಥ ಹೆಣ್ಣುಮಕ್ಕಳು ಬಂದು ಹೆಸರು ಮಾಡಿದರು. ಈಗ ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿಯೂ ಇದೆ. ಸಂತೋಷ. ಆದರೆ ಆ ಗೊಲ್ಲತಿಗೆ ಎಪ್ಪತ್ತು ದಾಟಿದೆ, ಕಲಿಯಲು ಒಬ್ಬ ಹುಡುಗನೂ ಬಂದಿಲ್ಲ. ಅವರ ಮಾತನ್ನು ನನ್ನ ಯಾವ ಯಂತ್ರವೂ ಅಚ್ಚು ಹಾಕಲಾರದು.

ಈ ವರ್ಷದ ಕರಪತ್ರದಲ್ಲಿ ಪಾರಿಜಾತದ ಸಾಲನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿದೆ. ಅತಿಥಿಗಳ ಹೆಸರು ಕೆಳಗಿಳಿಯಿತೆಂದು ಜಾತ್ರಾ ಕಮಿಟಿಯವರು ಬೈದರು. ಬೈಯಲಿ. ನೀವು ಬನ್ನಿ. ಆಟ ಮುಗಿಯುವುದು ಬೆಳಗಿನ ಜಾವ, ಅಲ್ಲಿಯವರೆಗೆ ವಾಪಸ್ ಬಸ್ಸಿಲ್ಲ. ಹೊದೆಯಲು ಒಂದು ಚಾದರ ತನ್ನಿ.