ಗಾಳಿ ನೋಡಿ ಪಟ ಏರಿಸಿ



ನಾವು ಗಾಳಿಪಟ ಅನ್ನುತ್ತೇವೆ, ತೆಲುಗಿನವರು ಗಾಲಿಪಟಂ ಅನ್ನುತ್ತಾರೆ. ‘ಳ’ಕಾರ ಹೋಗಿ ‘ಲ’ಕಾರ ಬಂತು, ಕೊನೆಗೊಂದು ಸೊನ್ನೆ ಸೇರಿತು, ಅಷ್ಟೇ ವ್ಯತ್ಯಾಸ. ಆದರೆ ಅದು ಆಕಾಶಕ್ಕೆ ಏರುವ ಕಾಲ ಎರಡು ನಾಡಿನಲ್ಲೂ ಬೇರೆ ಬೇರೆ. ಬೆಂಗಳೂರು, ದೊಡ್ಡಬಳ್ಳಾಪುರ, ಮೈಸೂರು ಕಡೆಯವರಿಗೆ ಪಟ ಅಂದರೆ ಆಷಾಢ ಮಾಸ. ಆಂಧ್ರದವರಿಗೆ ಪಟ ಅಂದರೆ ಸಂಕ್ರಾಂತಿ. ನಡುವೆ ಸುಮಾರು ಆರು ತಿಂಗಳ ಅಂತರ.

ಕಾರಣ ಗಾಳಿಯೇ. ಮುಂಗಾರು ಮೋಡ ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಸಿ ಬಯಲುಸೀಮೆಗೆ ಬರುವಾಗ ಮಳೆ ಕಡಿಮೆ, ಗಾಳಿ ಜಾಸ್ತಿ. ಆ ಗಾಳಿಯನ್ನು ನಂಬಿಯೇ ನಮ್ಮ ಹಿರಿಯರು ಆಷಾಢದಲ್ಲಿ ಪಟ ಬಿಟ್ಟರು. ಆಂಧ್ರದ ಸಂಕ್ರಾಂತಿಯ ಲೆಕ್ಕ ಬೇರೆ. ಸುಗ್ಗಿ ಮುಗಿದಿರುತ್ತದೆ, ಮಳೆಯ ಭಯವಿಲ್ಲ. ಭೋಗಿ, ಸಂಕ್ರಾಂತಿ, ಕನುಮ ಎಂದು ಮೂರು ದಿನ ಮನೆ ತುಂಬ ನೆಂಟರು. ಗಾಳಿ ಮೆಲ್ಲಗಿದ್ದರೂ ಹಾರಿಸುವ ಕೈಗಳಿಗೆ ಕೊರತೆ ಇಲ್ಲ. ಹಾಗೆಂದು ಹೈದರಾಬಾದಿನ ಅಬ್ಬರ ಕರಾವಳಿ ಆಂಧ್ರದಲ್ಲಿ ಕಾಣುವುದಿಲ್ಲ. ಗೋದಾವರಿ ಕಡೆ ಹೋದರೆ ಕೋಳಿ ಪಂದ್ಯದ ಗುಲ್ಲೇ ಹೆಚ್ಚು. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನಾನು ಕಂಡ ಮಟ್ಟಿಗೆ ಪಟ ಮನೆಮಂದಿಯ ಆಟ. ಅದಕ್ಕೇ ಇವತ್ತಿನ ಮಾತಿಗೆ ಈ ಎರಡು ಊರುಗಳು.

ನಮ್ಮ ಮನೆ ಇರುವುದು ವಿಶಾಖಪಟ್ಟಣದಲ್ಲಿ. ಅಕ್ಕ-ಭಾವ ವಿಜಯವಾಡದಲ್ಲಿದ್ದಾರೆ. ರೈಲಿನಲ್ಲಿ ಸುಮಾರು 350 ಕಿಲೋಮೀಟರ್ ದಾರಿ. ಒಂದು ವರ್ಷ ಹಬ್ಬ ಇಲ್ಲಿ, ಇನ್ನೊಂದು ವರ್ಷ ಅಲ್ಲಿ. ಊರಿನಿಂದ ಅಪ್ಪ ಬಂದರೆ ಬಿದಿರು ಸೀಳಿ ಕಡ್ಡಿ ಹೆರೆಯುವುದು ಅವರ ಕೆಲಸ. ಕಾಗದ ಕತ್ತರಿಸುವುದು ಅಕ್ಕ, ಮೈದಾ ಅಂಟು ಕಾಯಿಸುವುದು ನಾನು, ಬಾಲಂಗೋಚಿಗೆ ಹಳೇ ಬಟ್ಟೆ ಹುಡುಕುವುದು ಮಕ್ಕಳು. ಎಳ್ಳು-ಬೆಲ್ಲದ ತಟ್ಟೆಯ ಪಕ್ಕದಲ್ಲೇ ಅಂಟಿನ ಬಟ್ಟಲು. ಅಂಗಡಿಯಲ್ಲಿ ಸಿದ್ಧ ಪಟ ಸಿಗುತ್ತದೆ ನಿಜ. ಆದರೆ ಮನೆಯಲ್ಲಿ ಮಾಡಿದ್ದು ಮೇಲೇರಿದಾಗ ಮಕ್ಕಳ ಮುಖ ನೋಡಬೇಕು.

ಹೀಗೆ ಎರಡೂ ಊರುಗಳಲ್ಲಿ ಆಡಿ ನೋಡಿದ ಮೇಲೆ ಒಂದು ಮಾತು ಖಾತ್ರಿಯಾಯಿತು. ಊರು ಬದಲಾದರೆ ಪಟವೂ ಬದಲಾಗಬೇಕು.

ವಿಶಾಖಪಟ್ಟಣ ಕಡಲಿನ ಊರು. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲಕ್ಕೆ ಹೋದಾಗ ಆ ಜಾಗಕ್ಕೆ ಕಡಲಿನಿಂದ ತಂಗಾಳಿ ನುಗ್ಗುತ್ತದೆ. ನೀರಿನ ಮೇಲೆ ಮರ, ಮನೆ ಯಾವುದೂ ಅಡ್ಡ ಇಲ್ಲದ್ದರಿಂದ ಅದು ಒಂದೇ ಸಮನೆ ಬರುತ್ತದೆ. ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಸಂಜೆಯವರೆಗೂ ಆಡಬಹುದು. ಆದರೆ ಡಾಲ್ಫಿನ್ಸ್ ನೋಸ್, ಕೈಲಾಸಗಿರಿಯಂಥ ಗುಡ್ಡಗಳ ಮರೆಯಲ್ಲಿ ಗಾಳಿ ಸುಳಿಯಾಗಿ ಸುತ್ತುತ್ತದೆ, ಅಲ್ಲಿ ಪಟ ನಿಲ್ಲುವುದಿಲ್ಲ. ರಾಮಕೃಷ್ಣ ಬೀಚಿನಲ್ಲಿ, ಋಷಿಕೊಂಡದಲ್ಲಿ, ಇನ್ನೂ ದೂರ ಹೋಗುವುದಾದರೆ ಭೀಮಿಲಿಯಲ್ಲಿ ಮರಳು ಅಗಲವಾಗಿರುವ ಜಾಗ ಹುಡುಕಿಕೊಳ್ಳಬೇಕು.

ವಿಜಯವಾಡ ಒಳನಾಡಿನ ಊರು. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿದ ಅದೇ ಕೃಷ್ಣೆ ಇಲ್ಲಿ 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿನ ಹಿಂದೆ ತುಂಬಿ ನಿಲ್ಲುತ್ತಾಳೆ. ಸುತ್ತ ಗುಡ್ಡ, ಊರೊಳಗೆ ಕಾಲುವೆಗಳು, ಒಂದಕ್ಕೊಂದು ಅಂಟಿಕೊಂಡ ಮನೆಗಳು. ಜನವರಿಯ ಬೆಳಗ್ಗೆ ಮಂಜು ಕವಿದಿರುತ್ತದೆ, ಗಾಳಿಗೆ ಇನ್ನೂ ನಿದ್ದೆ. ಹೊತ್ತೇರಿದ ಮೇಲೆ ಎದ್ದರೂ ಒಮ್ಮೆ ಬೀಸುತ್ತದೆ, ಒಮ್ಮೆ ಸುಮ್ಮನಾಗುತ್ತದೆ. ಅಲ್ಲಿ ಆಟವೆಲ್ಲ ತಾರಸಿಯ ಮೇಲೆ.

ಬಾಲಂಗೋಚಿ ಕಟ್ಟಿದ ನಮ್ಮ ಆಷಾಢದ ಪಟವನ್ನು ವಿಜಯವಾಡದ ತಾರಸಿಗೆ ಒಯ್ದರೆ ಅದು ಏಳುವುದೇ ಇಲ್ಲ. ಬಾಲಂಗೋಚಿ ಇರುವುದು ಬಿರುಗಾಳಿಯಲ್ಲಿ ಪಟ ಗಿರಗಿರ ತಿರುಗದಂತೆ ಹಿಡಿಯಲಿಕ್ಕೆ. ಮೆಲುಗಾಳಿಯಲ್ಲಿ ಅದೇ ಭಾರ. ಅಲ್ಲಿಗೆ ಬೇಕಾದ್ದು ತೆಳು ಕಾಗದದ, ಬಾಲವಿಲ್ಲದ ಪಟ. ಅದರ ಅಡ್ಡ ಕಡ್ಡಿ ಬಿಲ್ಲಿನಂತೆ ಬಾಗಿರುತ್ತದೆ. ದಾರ ಎಳೆದರೆ ಕಡ್ಡಿ ಇನ್ನಷ್ಟು ಬಾಗಿ ಪಟ ನೆಟ್ಟಗೆ ಏರುತ್ತದೆ. ದಾರ ಸಡಿಲ ಬಿಟ್ಟರೆ ಪಟ ಚಪ್ಪಟೆಯಾಗಿ ತಿರುಗಲು ಶುರು ಮಾಡುತ್ತದೆ. ಮೂತಿ ನಮಗೆ ಬೇಕಾದ ಕಡೆ ತಿರುಗಿದಾಗ ಮತ್ತೆ ಎಳೆಯಬೇಕು. ಈ ಎಳೆತ, ಸಡಿಲಿಕೆಯಲ್ಲೇ ಇದೆ ಕೈಚಳಕವೆಲ್ಲ. ಕಡಲತೀರಕ್ಕಾದರೆ ಗಟ್ಟಿ ಕಡ್ಡಿ, ದಪ್ಪ ಕಾಗದ, ಪಟದ ಐದಾರು ಪಟ್ಟು ಉದ್ದದ ಬಾಲಂಗೋಚಿ ಇರಲಿ. ಸೂತ್ರ ಕಟ್ಟುವಾಗ ಎರಡು ಕಡೆಯೂ ತಾಳ್ಮೆ ಬೇಕು. ಗಂಟು ಒಂದು ಬೆರಳಗಲ ಸರಿದರೂ ಪಟದ ನಡತೆ ಬದಲಾಗುತ್ತದೆ.

ಗಾಳಿ ಸಾಕೇ ಎಂದು ನೋಡಲು ಯಂತ್ರ ಬೇಡ. ಎಲೆಗಳು ಅಲುಗಾಡಬೇಕು, ಧೂಳು ಏಳಬಾರದು. ಅಂದರೆ ಗಂಟೆಗೆ ಸುಮಾರು 8ರಿಂದ 20 ಕಿಲೋಮೀಟರ್ ವೇಗ. ಗಾಳಿ ಬಂದಾಗ ತೂರಿಕೋ ಎಂದು ನಮ್ಮ ರೈತರು ಹೇಳಿದ್ದು ಪಟಕ್ಕೂ ಸರಿಹೊಂದುತ್ತದೆ.

ಈ ಹವ್ಯಾಸ ಎಷ್ಟು ದೂರ ಹೋಗಬಹುದು ಎಂದು ನೋಡಬೇಕಾದರೆ ನಮ್ಮ ಮಂಗಳೂರಿನವರನ್ನು ನೋಡಿ. ‘ಟೀಮ್ ಮಂಗಳೂರು’ ಎಂಬ ಹವ್ಯಾಸಿಗಳ ತಂಡ ಯಕ್ಷಗಾನದ, ಕಥಕಳಿಯ ವೇಷಗಳನ್ನೇ ಪಟ ಮಾಡಿ ಹಾರಿಸಿತು. ಅವರ ಕಥಕಳಿ ಪಟ ಲಿಮ್ಕಾ ದಾಖಲೆ ಪುಸ್ತಕ ಸೇರಿತು. ತಂಡ ತನ್ನ ಪಟಗಳನ್ನು ವಿದೇಶದ ಉತ್ಸವಗಳಿಗೂ ಒಯ್ದಿತು. ಬಟ್ಟೆ ಹೊಲಿಯುವವರು, ಚಿತ್ರ ಬರೆಯುವವರು, ಲೆಕ್ಕ ಹಾಕುವವರು, ಓಡಿ ಹಗ್ಗ ಹಿಡಿಯುವವರು ಎಲ್ಲರೂ ಸೇರಿದರಷ್ಟೇ ಅಷ್ಟು ದೊಡ್ಡ ಪಟ ಏಳುತ್ತದೆ. ಆ ಪಟ ಯಾರ ಪಟವನ್ನೂ ಕತ್ತರಿಸಲಿಕ್ಕೆ ಹೋಗುವುದಿಲ್ಲ ಎಂಬುದನ್ನು ಗಮನಿಸಿ.

ಈಗ ಈ ‘ಕತ್ತರಿಸುವ’ ವಿಷಯಕ್ಕೇ ಬರುತ್ತೇನೆ. 2024ರ ಜನವರಿ, ಸಂಕ್ರಾಂತಿಯ ಹೊಸ್ತಿಲು. ಮೂಲತಃ ವಿಶಾಖಪಟ್ಟಣದವರಾದ ಸೇನೆಯ ಯೋಧರೊಬ್ಬರು ಹೈದರಾಬಾದಿನ ಲಂಗರ್ ಹೌಸ್ ಮೇಲ್ಸೇತುವೆಯಲ್ಲಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದರು. ಮಾಂಜಾ ದಾರ ಕುತ್ತಿಗೆಗೆ ಸಿಕ್ಕಿ ಪ್ರಾಣ ಹೋಯಿತು. ಗಡಿ ಕಾಯಬೇಕಾದ ಜೀವ ಯಾರದೋ ಆಟದ ದಾರಕ್ಕೆ ಬಲಿಯಾಯಿತು. ಆ ದಾರ ಬಿಟ್ಟವರಿಗೆ ಇಂಥದ್ದೊಂದು ನಡೆದದ್ದು ಗೊತ್ತಾಯಿತೋ ಇಲ್ಲವೋ.

ಚೀನಾ ಮಾಂಜಾ ಎಂದು ಕರೆದರೂ ಅದು ಚೀನಾದಿಂದಲೇ ಬರಬೇಕೆಂದಿಲ್ಲ. ನೈಲಾನಿನಂಥ ಕೃತಕ ಎಳೆಗೆ ಗಾಜಿನ ಪುಡಿ, ಲೋಹದ ಪುಡಿ ಬಳಿದ ದಾರ ಅದು. ಸಾದಾ ಹತ್ತಿ ದಾರ ಜೋರಾಗಿ ಜಗ್ಗಿದರೆ ತಾನೇ ತುಂಡಾಗುತ್ತದೆ. ಇದು ತುಂಡಾಗುವುದಿಲ್ಲ, ಸಿಕ್ಕಿದ್ದನ್ನು ಕೊಯ್ಯುತ್ತದೆ. ಲೋಹದ ಪುಡಿ ಇದ್ದರೆ ವಿದ್ಯುತ್ ತಂತಿಗೆ ತಾಗಿದಾಗ ಹಿಡಿದ ಕೈಗೇ ಆಪತ್ತು. 2017ರ ಜುಲೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದರ ತಯಾರಿಕೆ, ಮಾರಾಟ, ಬಳಕೆಯನ್ನು ದೇಶದಾದ್ಯಂತ ನಿಷೇಧಿಸಿತು. ಆದರೂ ಕದ್ದುಮುಚ್ಚಿ ಮಾರುವವರು, ಕೊಳ್ಳುವವರು ಇದ್ದಾರೆ. ಕೊಳ್ಳುವವರು ಇಲ್ಲದಿದ್ದರೆ ಮಾರುವವರೂ ಇರುವುದಿಲ್ಲ.

ಮರಕ್ಕೆ ಸಿಕ್ಕ ನೈಲಾನ್ ಎಳೆ ವರ್ಷಗಟ್ಟಲೆ ಕೊಳೆಯದೆ ಹಕ್ಕಿಗಳಿಗೆ ಉರುಳಾಗುತ್ತದೆ. ವಿಶಾಖಪಟ್ಟಣದ ಮರಳಿಗೆ ಮೊಟ್ಟೆ ಇಡಲು ಆಲಿವ್ ರಿಡ್ಲೆ ಕಡಲಾಮೆಗಳು ಬರುವುದೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ. ದಡದಲ್ಲಿ ಬಿಟ್ಟುಬಂದ ದಾರ ಅವುಗಳ ಕಾಲಿಗೆ ಸಿಕ್ಕಬಹುದು.

ಅಕ್ಕನ ಮಗ ಒಮ್ಮೆ ಕೇಳಿದ, “ಕತ್ತರಿಸದಿದ್ದರೆ ಮಜಾ ಏನಿದೆ ಚಿಕ್ಕಮ್ಮಾ?” ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳಿಗೆ ಸ್ಪರ್ಧೆ ಬೇಕು. ಹಾಗಾಗಿ ಅಕ್ಕಪಕ್ಕದ ಮನೆಯ ಹುಡುಗರನ್ನೂ ಸೇರಿಸಿಕೊಂಡು ಬೇರೆ ಪಂದ್ಯ ಇಟ್ಟೆವು. ಯಾರ ಪಟ ಹೆಚ್ಚು ಹೊತ್ತು ನಿಲ್ಲುತ್ತದೆ? ಯಾರದು ಸ್ವಂತ ಕೈಯಿಂದ ಮಾಡಿದ್ದು? ಯಾರು ಪಟವನ್ನು ಹೇಳಿದ ಕಡೆ ತಿರುಗಿಸುತ್ತಾರೆ? ಎಲ್ಲಕ್ಕಿಂತ ಹೆಚ್ಚು ನಗು ತಂದದ್ದು ಪಟಕ್ಕೆ ಟಪಾಲು ಕಳಿಸುವ ಆಟ. ಕಾಗದದ ಚೂರಿಗೆ ತೂತು ಮಾಡಿ ದಾರಕ್ಕೆ ಪೋಣಿಸಿದರೆ ಗಾಳಿಯೇ ಅದನ್ನು ಸರಸರನೆ ಮೇಲಕ್ಕೆ ತಳ್ಳುತ್ತದೆ. ತೆಲುಗು ಹುಡುಗರು ತೆಲುಗಿನಲ್ಲಿ ಬರೆದರು, ನಮ್ಮವರು ಕನ್ನಡದಲ್ಲಿ ಬರೆದರು. ನಮ್ಮ ಮಕ್ಕಳು ಆ ರಜೆಯಲ್ಲಿ ಬೇರೇನನ್ನೂ ಅಷ್ಟು ಉತ್ಸಾಹದಿಂದ ಕನ್ನಡದಲ್ಲಿ ಬರೆಯಲಿಲ್ಲ.

ಮಹಾನಗರದಲ್ಲಿ ಕುಳಿತು ಕೇಳುತ್ತಿರುವ ನಿಮಗೆ ಕೆಲವು ಕಿವಿಮಾತು. ದಾರ ಸಾದಾ ಹತ್ತಿಯದೇ ಇರಲಿ. ಕಟಕಟೆ ಇಲ್ಲದ ತಾರಸಿ ಬೇಡ, ವಿದ್ಯುತ್ ತಂತಿ ಇರುವ ಬೀದಿ ಬೇಡ. ತಂತಿಗೆ ಸಿಕ್ಕಿದ ಪಟವನ್ನು ಬಿಟ್ಟುಬಿಡಿ. ಕಡಲತೀರದಲ್ಲಾದರೆ ತಂಗಾಳಿ ಪಟವನ್ನು ನೆಲದ ಕಡೆಗೇ, ಅಂದರೆ ರಸ್ತೆಯ ಮೇಲಕ್ಕೇ ಒಯ್ಯುತ್ತದೆ. ಆದ್ದರಿಂದ ರಸ್ತೆಗೆ ತಲುಪದಷ್ಟು ದಾರ ಮಾತ್ರ ಬಿಡಿ. ಹೊಳೆಯ ಮರಳು ಖಾಲಿ ಕಂಡರೂ ಇಳಿಯಬೇಡಿ, ಮೇಲಿನಿಂದ ಯಾವಾಗ ನೀರು ಬಿಡುತ್ತಾರೋ ಹೇಳಲಾಗದು. ನಸುಕು ಮತ್ತು ಮುಸ್ಸಂಜೆ ಹಕ್ಕಿಗಳ ಹೊತ್ತು, ಅದನ್ನು ಅವಕ್ಕೇ ಬಿಡಿ. ವಿಮಾನ ನಿಲ್ದಾಣದ ಹತ್ತಿರವಂತೂ ಬೇಡವೇ ಬೇಡ. 1934ರ ವಿಮಾನ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಳಿಪಟವೂ ವಿಮಾನಗಳ ಸಾಲಿನಲ್ಲೇ ಇತ್ತು ಎಂದರೆ ನಗಬೇಡಿ. 2025ರ ಜನವರಿಯಲ್ಲಿ ಆ ಜಾಗಕ್ಕೆ ಹೊಸ ಕಾಯ್ದೆ ಬಂದಿದ್ದರೂ ಎಚ್ಚರ ಮಾತ್ರ ಹಳೆಯದೇ. ಆಟ ಮುಗಿದ ಮೇಲೆ ಬಿದ್ದ ದಾರವನ್ನೆಲ್ಲ ಸುತ್ತಿಕೊಂಡು ಮನೆಗೆ ಬನ್ನಿ.

ಖರ್ಚು ಒಂದೆರಡು ಹಾಳೆ ಬಣ್ಣದ ಕಾಗದ, ಎರಡು ಕಡ್ಡಿ, ಒಂದು ಉಂಡೆ ದಾರ. ಜೊತೆಗೆ ಮಕ್ಕಳು, ಅಜ್ಜ, ಪಕ್ಕದ ಮನೆಯವರು. ಈ ಭಾನುವಾರ ಒಮ್ಮೆ ತಲೆಯೆತ್ತಿ ಮರದ ಎಲೆ ನೋಡಿ. ಅಲುಗಾಡುತ್ತಿದೆಯೇ? ಹಾಗಿದ್ದರೆ ಅಂಟು ಕಾಯಿಸಲು ಒಲೆ ಹಚ್ಚಿ.