ಕಟ್ಟಲು ಮರೆತ ದೋಣಿ, ಕಟ್ಟಿದ್ದು ಮರೆತ ದೋಣಿ

ಅಘನಾಶಿನಿ ನದಿ ಕಡಲು ಸೇರುವಲ್ಲಿ ಈ ದಡಕ್ಕೆ ತದಡಿ, ಆ ದಡಕ್ಕೆ ನದಿಯದೇ ಹೆಸರಿನ ಊರು. ನಡುವೆ ದೋಣಿಯ ಓಡಾಟ. ಒಬ್ಬ ದೋಣಿಯವ ಬೆಳಿಗ್ಗೆ ದಡಕ್ಕೆ ಬಂದ ಎಂದಿಟ್ಟುಕೊಳ್ಳಿ. ದೋಣಿ ಇಲ್ಲ, ರಾತ್ರಿಯ ಇಳಿತದ ಜೊತೆ ಹೊರಟುಹೋಗಿದೆ. ‘ಅಯ್ಯೋ, ಕಟ್ಟುವುದನ್ನೇ ಮರೆತೆ’ ಎಂದು ತಲೆ ಚಚ್ಚಿಕೊಳ್ಳುತ್ತಾನೆ.

ಇದನ್ನೇ ಇಂಗ್ಲಿಷಿನಲ್ಲಿ ‘ಐ ಫರ್ಗಾಟ್ ಟು ಟೈ ದ ಬೋಟ್’ ಎಂದರೆ ಸರಿಯಾಯಿತು. ‘ಐ ಫರ್ಗಾಟ್ ಟೈಯಿಂಗ್ ದ ಬೋಟ್’ ಎಂದರೆ ಕಥೆಯೇ ಬೇರೆ. ದೋಣಿ ಗೂಟದಲ್ಲಿ ಭದ್ರವಾಗಿಯೇ ಇದೆ. ಕಟ್ಟಿದ್ದು ಮಾತ್ರ ಅವನಿಗೆ ನೆನಪಿಲ್ಲ! ‘ಟು’ ಹತ್ತಿದ ಮೊದಲ ರೂಪಕ್ಕೆ ಇನ್ಫಿನಿಟಿವ್ ಎಂದೂ, ‘ಇಂಗ್’ ಹತ್ತಿದ ಎರಡನೆಯದಕ್ಕೆ ಜೆರಂಡ್ ಎಂದೂ ಹೆಸರು.

ಹೆಸರು ಕೇಳಿ ಹೆದರಬೇಡಿ, ಎರಡೂ ನಮ್ಮ ಮನೆಯಲ್ಲೇ ಇವೆ. ‘ಮಾಡಲು, ಮಾಡಲಿಕ್ಕೆ’ ಎಂಬುದನ್ನು ಶಾಲೆಯಲ್ಲಿ ಕೃದಂತಾವ್ಯಯ ಎಂದು ಕಲಿತಿದ್ದೇವೆ. ‘ಓಟ, ನೋಟ, ಮಾಡುವಿಕೆ’ ಕೃದಂತ ಭಾವನಾಮಗಳು. ನಮ್ಮ ಕರಾವಳಿಯ ಮಾತಿನಲ್ಲಿ ‘ಹೋಗುಕೆ, ಮಾಡುಕೆ’ ಎನ್ನುತ್ತೇವಲ್ಲ, ಆ ‘ಕೆ’ ಚತುರ್ಥಿ ವಿಭಕ್ತಿಯದು. ‘ದಡಕ್ಕೆ’, ‘ಪೇಟೆಗೆ’ ಎನ್ನುವಾಗ ಬರುವಂಥದ್ದೇ. ಇಂಗ್ಲಿಷಿನ ‘ಟು’ ಕೂಡ ಮೂಲದಲ್ಲಿ ದಿಕ್ಕು ತೋರುವ ‘ಟು’. ‘ಟು ಕುಮಟಾ’ ಎಂದರೆ ಇನ್ನೂ ಕುಮಟೆ ತಲುಪಿಲ್ಲ. ಹಾಗೆಯೇ ‘ಟು ಟೈ’ ಎಂದಾಗ ಕೆಲಸ ಇನ್ನೂ ಮುಂದಿದೆ. ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್ ಇವೆಲ್ಲ ‘ಟು’ ಬಯಸುವುದು ಅದಕ್ಕೇ: ಬಯಕೆ, ಆಸೆ, ನಿರ್ಧಾರ, ಮಾತು ಕೊಡುವುದು ಎಲ್ಲವೂ ಮುಂದಿನ ಕೆಲಸದ ಕಡೆ ನೋಡುವಂಥವು.

ಇನ್ನು ‘ಇಂಗ್’. ಇದು ಕ್ರಿಯೆಯನ್ನು ನಾಮಪದದ ಮಣೆಯ ಮೇಲೆ ಕೂರಿಸುತ್ತದೆ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯನ್ನು ನೆನೆಯಿರಿ. ‘ನೀನು ಹಾಡು’ ಎಂದರೆ ಕ್ರಿಯೆ, ‘ಒಂದು ಹಾಡು’ ಎಂದರೆ ನಾಮ. ಸಂಸ್ಕೃತದಲ್ಲಿ ಆ ಊರು ಸಂಗೀತಪುರವಾಯಿತು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿ, ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹಿಡಿದಿಟ್ಟ ಭಟ್ಟಾಕಳಂಕದೇವ ಅಲ್ಲಿಯ ಜೈನ ಮಠದ ಪರಂಪರೆಯವನು. ಒಂದು ನುಡಿಯ ಕಟ್ಟನ್ನು ಇನ್ನೊಂದು ನುಡಿಯಲ್ಲಿ ವಿವರಿಸುವ ಕೆಲಸ ನಮ್ಮ ಜಿಲ್ಲೆಗೆ ಹೊಸತಲ್ಲ.

ನಾವು ಎಡವುವುದು ಎಲ್ಲಿ? ‘ವುದು’ ಎಂಬಲ್ಲಿ. ಇಳಿತದ ಹೊತ್ತಿಗೆ ಬಳಚು ಚಿಪ್ಪು ಹೆಕ್ಕುವವರನ್ನು ನೋಡಿ. ‘ಹೆಕ್ಕಲು ನಿಂತರು’, ‘ಹೆಕ್ಕುವುದನ್ನು ನಿಲ್ಲಿಸಿದರು’. ಇಲ್ಲಿ ಕನ್ನಡವೂ ಇಂಗ್ಲಿಷೂ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತವೆ: ‘ಸ್ಟಾಪ್ಡ್ ಟು ಪಿಕ್’, ‘ಸ್ಟಾಪ್ಡ್ ಪಿಕಿಂಗ್’. ಆದರೆ ಮರೆವಿನ ವಿಷಯದಲ್ಲಿ ಹಾಗಲ್ಲ. ‘ಕಟ್ಟಲು ಮರೆತೆ’, ‘ಕಟ್ಟುವುದನ್ನು ಮರೆತೆ’ ಎರಡೂ ನಮಗೆ ಒಂದೇ, ದೋಣಿ ಹೋದಂತೆಯೇ. ಕೆಲಸ ಆಗಿತ್ತು ಎನ್ನಲು ನಾವು ‘ಕಟ್ಟಿದ್ದು ಮರೆತೆ’ ಎಂದು ಕ್ರಿಯೆಗೆ ಭೂತಕಾಲ ತೊಡಿಸುತ್ತೇವೆ. ಆದ್ದರಿಂದ ‘ವುದು’ ಕಂಡಲ್ಲೆಲ್ಲ ‘ಇಂಗ್’ ಅಂಟಿಸಿದರೆ ಅರ್ಥ ತಿರುಗಿಬೀಳುತ್ತದೆ. ರಿಮೆಂಬರ್ ಪದದ ನಡೆಯೂ ಹೀಗೆಯೇ.

ಇನ್ನೊಂದು ಎಡವುಗಲ್ಲು ಪತ್ರದ ಕೊನೆಯಲ್ಲಿರುತ್ತದೆ. ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುವವರು ಬಹಳ. ಒಪ್ಪಿತ ರೂಪ ‘ಟು ಮೀಟಿಂಗ್ ಯು’. ಅಲ್ಲಿಯ ‘ಟು’ ನಾಮಪದವನ್ನೇ ಬೇಡುತ್ತದೆ. ನಾವೂ ‘ನಿಮ್ಮ ಭೇಟಿಗೆ ಕಾಯುತ್ತಿದ್ದೇನೆ’ ಎಂದು ನಾಮಪದವನ್ನೇ ಬಳಸುತ್ತೇವಲ್ಲ!

ಮುಂದಿನ ಕೆಲಸಕ್ಕೆ ‘ಟು’ ಎಂಬ ಈ ಲೆಕ್ಕ ಎಲ್ಲ ಕಡೆಯೂ ಕೂಡಿಬರುವುದಿಲ್ಲ. ‘ಸಜೆಸ್ಟ್’ ಎಂಬುದು ಮುಂದಿನ ಕೆಲಸವನ್ನೇ ಸೂಚಿಸಿದರೂ ‘ಇಂಗ್’ ಕೇಳುತ್ತದೆ. ‘ಬಿಗಿನ್’ ಎರಡಕ್ಕೂ ಒಪ್ಪುತ್ತದೆ. ಅಂಥವನ್ನು ಓದಿ, ಕೇಳಿ ರೂಢಿಸಿಕೊಳ್ಳಬೇಕು.

ಮಕ್ಕಳು ಇಂಥ ವಾಕ್ಯದ ಮುಂದೆ ತಡವರಿಸಿದಾಗ ನಿಯಮದ ಪಟ್ಟಿ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ‘ಮಗಾ, ಆ ದೋಣಿ ಕಟ್ಟಿತ್ತೋ, ಇಲ್ಲವೋ?’